ಹಣದ ಇತಿಹಾಸವನ್ನು ಓದುವ ಬಗೆ: ಪ್ರಾಚೀನ ನಾಣ್ಯದಿಂದ ಕ್ರಿಪ್ಟೋಕರೆನ್ಸಿಯವರೆಗೆ

ಹಣದ ಇತಿಹಾಸವನ್ನು ತಿಳಿಯಲು ಹೊರಟವರು ಸಾಮಾನ್ಯವಾಗಿ ಕವಡೆ, ನಾಣ್ಯ, ನೋಟು, ಕಾರ್ಡು, ಬಿಟ್‌ಕಾಯಿನ್ ಎಂಬ ಸರಣಿಯನ್ನು ಬಾಯಿಪಾಠ ಮಾಡಿಕೊಳ್ಳುತ್ತಾರೆ. ಒಂದರ ಜಾಗಕ್ಕೆ ಇನ್ನೊಂದು ಏಕೆ ಬಂತು ಎಂಬುದು ಅದರಿಂದ ತಿಳಿಯುವುದಿಲ್ಲ. ಯಾವ ಕಾಲದ ಹಣವನ್ನು ಎತ್ತಿಕೊಂಡರೂ ಎರಡು ಪ್ರಶ್ನೆಗಳನ್ನು ಕೇಳಿಕೊಂಡು ಓದಿ: ಇದರ ಬೆಲೆಗೆ ಹೊಣೆ ನಿಂತವರು ಯಾರು? ಇದನ್ನು ಮನಬಂದಷ್ಟು ಹೆಚ್ಚಿಸುವ ಶಕ್ತಿ ಯಾರ ಕೈಯಲ್ಲಿತ್ತು? ಇಡೀ ಇತಿಹಾಸ ಈ ಎರಡು ಪ್ರಶ್ನೆಗಳ ಸುತ್ತ ತಿರುಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಓದನ್ನು ನಾಣ್ಯದಿಂದ ಆರಂಭಿಸಬೇಡಿ. ಅದಕ್ಕೂ ಹಿಂದಕ್ಕೆ ಹೋಗಿ. ನಾಣ್ಯ ಹುಟ್ಟುವುದಕ್ಕೆ ಸಾವಿರಾರು ವರ್ಷ ಮೊದಲೇ ಮೆಸೊಪೊಟೇಮಿಯಾದಲ್ಲಿ ಬೆಳ್ಳಿಯನ್ನು ತೂಗಿ ಕೊಡುತ್ತಿದ್ದರು, ಸಾಲ ಮತ್ತು ಬಾಕಿಗಳನ್ನು ಜೇಡಿಮಣ್ಣಿನ ಹಲಗೆಗಳ ಮೇಲೆ ಬರೆದಿಡುತ್ತಿದ್ದರು. ಅಲ್ಲಿನ ಶೆಕೆಲ್ ಮೊದಲಿಗೆ ಸುಮಾರು 8 ಗ್ರಾಂ ತೂಕದ ಅಳತೆಯ ಹೆಸರಾಗಿತ್ತು. ಜನರು ಮೊದಲು ವಸ್ತುವಿಗೆ ವಸ್ತು ಕೊಟ್ಟು ಬದುಕುತ್ತಿದ್ದರು, ಅದು ತೊಡಕೆನಿಸಿದ ಮೇಲೆ ಹಣವನ್ನು ಕಂಡುಹಿಡಿದರು ಎಂಬ ಪಠ್ಯಪುಸ್ತಕದ ಕಥೆಯನ್ನು ಬದಿಗಿಡುವುದು ಒಳ್ಳೆಯದು. ಬರೀ ವಸ್ತುವಿನಿಮಯದಿಂದಲೇ ನಡೆದ ಆರ್ಥಿಕತೆಯೊಂದರ ವಿವರಣೆ ಎಲ್ಲಿಯೂ ದೊರೆತಿಲ್ಲವೆಂದು ಮಾನವಶಾಸ್ತ್ರಜ್ಞೆ ಕ್ಯಾರೊಲಿನ್ ಹಂಫ್ರಿ 1985ರಲ್ಲೇ ತೋರಿಸಿದ್ದಾರೆ.

ಇನ್ನು ನಾಣ್ಯಕ್ಕೆ ಬನ್ನಿ. ಕ್ರಿ.ಪೂ. 7ನೇ ಶತಮಾನದಲ್ಲಿ, ಇಂದಿನ ಟರ್ಕಿಯ ಪಶ್ಚಿಮ ಭಾಗದಲ್ಲಿದ್ದ ಲಿಡಿಯಾದಲ್ಲಿ, ಚಿನ್ನ ಮತ್ತು ಬೆಳ್ಳಿ ಬೆರೆತ ಎಲೆಕ್ಟ್ರಮ್ ಲೋಹದ ನಾಣ್ಯಗಳು ಬಂದವು. ಅದರಲ್ಲಿ ಚಿನ್ನದ ಪಾಲು ಎಷ್ಟೆಂದು ಕಣ್ಣಿನಿಂದ ನೋಡಿ ಹೇಳುವಂತಿರಲಿಲ್ಲ. ಆದ್ದರಿಂದಲೇ ಸಿಂಹದ ತಲೆಯ ಮುದ್ರೆಗೆ ಅಷ್ಟು ಮಹತ್ವ ಬಂದಿತು. ತೂಗುವ, ಒರೆಗೆ ಹಚ್ಚುವ ಕೆಲಸವನ್ನು ಆ ಮುದ್ರೆ ತಾನೇ ವಹಿಸಿಕೊಂಡಿತು.

ಮುದ್ರೆ ಒತ್ತಿದವರೇ ಮಾತಿಗೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ರೋಮ್‌ನಿಂದ ಕಲಿಯಬೇಕು. ಯಾವುದಾದರೂ ವಸ್ತುಸಂಗ್ರಹಾಲಯದ ನಾಣ್ಯಪಟ್ಟಿಯನ್ನು ತೆರೆದು, ತೂಕ ಮತ್ತು ಬೆಳ್ಳಿಯ ಪ್ರಮಾಣ ಎಂಬ ಎರಡು ಕಾಲಮುಗಳನ್ನು ಮಾತ್ರ ಕಾಲಕ್ರಮದಲ್ಲಿ ಓದುತ್ತಾ ಹೋಗಿ. ಚಕ್ರವರ್ತಿ ಅಗಸ್ಟಸ್‌ನ ಕಾಲದ ಡಿನೇರಿಯಸ್ ಎಂಬ ನಾಣ್ಯ ಹೆಚ್ಚುಕಡಿಮೆ ಶುದ್ಧ ಬೆಳ್ಳಿ, ತೂಕ 4 ಗ್ರಾಮಿಗೆ ತುಸು ಕಡಿಮೆ. ಕ್ರಿ.ಶ. 64ರ ಸುಮಾರಿಗೆ ಚಕ್ರವರ್ತಿ ನೀರೋ ತೂಕವನ್ನೂ ಶುದ್ಧತೆಯನ್ನೂ ಇಳಿಸಿದನು. ಡಿನೇರಿಯಸ್‌ನ ಜಾಗಕ್ಕೆ ಬಂದ ಅಂಟೋನಿನಿಯಾನಸ್ ಎಂಬ ನಾಣ್ಯದಲ್ಲಿ 270ರ ಹೊತ್ತಿಗೆ ಬೆಳ್ಳಿ ಶೇಕಡಾ 5ಕ್ಕಿಂತಲೂ ಕಡಿಮೆಯಿತ್ತು. ಒಳಗೆಲ್ಲ ತಾಮ್ರ, ಮೇಲೆ ಬೆಳ್ಳಿಯ ತೆಳು ಲೇಪ. ಇದರ ಜೊತೆಗೆ ಆ ಕಾಲದಲ್ಲಿ ನೆಲದಲ್ಲಿ ಹೂತಿಟ್ಟ ನಿಧಿಗಳ ವರದಿಗಳನ್ನೂ ಓದಿ. ಜನರು ಹಳೆಯ, ಉತ್ತಮ ನಾಣ್ಯಗಳನ್ನು ಕೂಡಿಟ್ಟುಕೊಂಡು ಬೆರಕೆ ನಾಣ್ಯಗಳನ್ನು ಖರ್ಚು ಮಾಡುವುದನ್ನು ಅಲ್ಲಿ ಕಾಣಬಹುದು. ಅರಸರ ಶಾಸನಗಳು ಹೇಳದ ಎಷ್ಟೋ ಸತ್ಯವನ್ನು ಈ ನಿಧಿಗಳು ಹೇಳುತ್ತವೆ.

ಕಾಗದದ ಹಣವನ್ನು ಓದುವಾಗ ಅದು ಯಾವ ಭಾರವನ್ನು ಇಳಿಸಲು ಬಂತು ಎಂಬುದನ್ನು ಹುಡುಕಿ. ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿ ಚಲಾವಣೆಯಲ್ಲಿದ್ದುದು ಕಬ್ಬಿಣದ ನಾಣ್ಯ. ಅದನ್ನು ಹೊರಲಾರದೆ ವರ್ತಕರು ಠೇವಣಿಯ ರಸೀದಿಗಳನ್ನೇ ಕೈಬದಲಿಸತೊಡಗಿದರು, 1024ರಲ್ಲಿ ಸೋಂಗ್ ರಾಜವಂಶದ ಸರ್ಕಾರವೇ ಅಂಥ ಕಾಗದ ಹೊರಡಿಸುವ ಕೆಲಸವನ್ನು ಕೈಗೆತ್ತಿಕೊಂಡಿತು. ಸ್ವೀಡನ್ನಿನ ಉದಾಹರಣೆ ಇನ್ನೂ ಕಣ್ಣಿಗೆ ಕಟ್ಟುವಂಥದ್ದು. ಅಲ್ಲಿ 1644ರಲ್ಲಿ ಅಚ್ಚಾದ 10 ಡಾಲೆರ್ (ಅಂದಿನ ಸ್ವೀಡನ್ನಿನ ಹಣ) ಬೆಲೆಯ ತಾಮ್ರದ ಫಲಕದ ತೂಕ 19 ಕಿಲೋಗ್ರಾಮಿಗೂ ಹೆಚ್ಚು, ನಾಲ್ಕು ಮೂಲೆಗಳಲ್ಲಿ ಒಂದೊಂದು ಮುದ್ರೆ, ನಡುವೆ ಮತ್ತೊಂದು. ಇಂಥ ಹಣದಿಂದ ಬೇಸತ್ತ ಜನರಿಗೆ 1661ರಲ್ಲಿ ಯೋಹಾನ್ ಪಾಮ್‌ಸ್ಟ್ರೂಕ್‌ನ ಬ್ಯಾಂಕು ಕೊಟ್ಟ ಕಾಗದದ ನೋಟು ವರವಾಗಿ ಕಂಡಿತು. ಅವು ಯುರೋಪಿನ ಮೊದಲ ಬ್ಯಾಂಕ್ ನೋಟುಗಳು. ಆದರೆ ಕೈಯಲ್ಲಿದ್ದ ಲೋಹಕ್ಕಿಂತ ಬಹಳ ಹೆಚ್ಚು ನೋಟುಗಳನ್ನು ಹೊರಡಿಸಿದ ಬ್ಯಾಂಕು, ಜನರು ನೋಟು ತಂದು ಲೋಹ ಕೇಳಿದಾಗ ಕೊಡಲಾರದೆ ಕುಸಿಯಿತು. ಅದರ ಬೆನ್ನಿಗೇ 1668ರಲ್ಲಿ ಸ್ಥಾಪನೆಯಾದ ಬ್ಯಾಂಕು ಇಂದಿಗೂ ಸ್ವೀಡನ್ನಿನ ಕೇಂದ್ರ ಬ್ಯಾಂಕಾಗಿದೆ.

ಚಿನ್ನದ ಮಾನದಂಡದ ಯುಗವನ್ನು ಬೇಗ ದಾಟಬಹುದು. 1944ರ ಬ್ರೆಟನ್ ವುಡ್ಸ್ ಒಪ್ಪಂದವು ಅಮೆರಿಕದ ಡಾಲರನ್ನು ಔನ್ಸಿಗೆ 35ರಂತೆ ಚಿನ್ನಕ್ಕೆ ಕಟ್ಟಿತು, 1971ರ ಆಗಸ್ಟ್ 15ರಂದು ಅಧ್ಯಕ್ಷ ನಿಕ್ಸನ್ ಆ ಕಟ್ಟನ್ನು ಬಿಡಿಸಿದರು. ಅಂದಿನಿಂದ ಹಣದ ಬೆಲೆಗೆ ಹೊಣೆ ಸರ್ಕಾರ ಮತ್ತು ಕೇಂದ್ರ ಬ್ಯಾಂಕುಗಳ ಸಂಯಮ ಮಾತ್ರ. ಆ ಸಂಯಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇನ್ನೂ ಹಿಂದಕ್ಕೆ ಹೋಗಿ 1923ರ ಜರ್ಮನಿಯನ್ನು ನೋಡಿ: ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್.

ಬಿಟ್‌ಕಾಯಿನ್ನಿಗೆ ಬಂದಾಗ ಬೆಲೆಯ ಏರಿಳಿತದ ನಕ್ಷೆಯನ್ನು ಮುಚ್ಚಿಟ್ಟು ಅದರ ಲೆಕ್ಕದ ಪುಸ್ತಕವನ್ನೇ ತೆರೆಯಿರಿ. ಬ್ಲಾಕ್ ಎಕ್ಸ್‌ಪ್ಲೋರರ್ ಎಂಬ ಉಚಿತ ತಾಣಗಳಲ್ಲಿ ಯಾರು ಬೇಕಾದರೂ ಇದನ್ನು ಓದಬಹುದು. ಬ್ಲಾಕ್ ಎಂದರೆ ಆ ಪುಸ್ತಕದ ಒಂದು ಪುಟವಿದ್ದಂತೆ; ಸೊನ್ನೆಯನೆಯ ಬ್ಲಾಕನ್ನು ಹುಡುಕಿ: ದಿನಾಂಕ 2009ರ ಜನವರಿ 3, ಅದರೊಳಗೆ ಬ್ಯಾಂಕುಗಳಿಗೆ ಎರಡನೆಯ ಬಾರಿ ನೆರವು ನೀಡುವ ಬಗ್ಗೆ ಅಂದಿನ ಲಂಡನ್ ಪತ್ರಿಕೆಯೊಂದರ ತಲೆಬರಹವಿದೆ. ಬಳಿಕ ಒಂದು ಲೆಕ್ಕ ಮಾಡಿ. ಆರಂಭದಲ್ಲಿ ಪ್ರತಿ ಬ್ಲಾಕಿಗೆ 50 ಹೊಸ ನಾಣ್ಯ, 2,10,000 ಬ್ಲಾಕಿಗೊಮ್ಮೆ ಅದರ ಅರ್ಧ; 50, 25, 12.5 ಎಂದು ಕೂಡುತ್ತಾ ಹೋದರೆ ಮೊತ್ತ 100ರ ಹತ್ತಿರ ಬಂದು ನಿಲ್ಲುತ್ತದೆ, ಅದನ್ನು 2,10,000ದಿಂದ ಗುಣಿಸಿದರೆ 2.1 ಕೋಟಿ. ಬಿಟ್‌ಕಾಯಿನ್ನಿನ ಮಿತಿ ಎಂದು ಎಲ್ಲರೂ ಹೇಳುವ ಅಂಕಿ ಇದೇ. ಎರಡನೆಯ ಪ್ರಶ್ನೆಗೆ ಇಲ್ಲಿ ಉತ್ತರ ಕೊಡುವುದು ಒಂದು ಸೂತ್ರ. ಜಾಲದಲ್ಲಿರುವವರು ಒಪ್ಪಿ ನಡೆಸುವವರೆಗೆ ಅದು ನಿಲ್ಲುತ್ತದೆ. ಮೊದಲ ಪ್ರಶ್ನೆಗೆ ಮಾತ್ರ ಉತ್ತರವಿಲ್ಲ: ಅದರ ಬೆಲೆಗೆ ಯಾರೂ ಹೊಣೆ ನಿಂತಿಲ್ಲ.

ಡಾಲರಿನ ಬೆಲೆಗೇ ನಿಲ್ಲುತ್ತೇವೆಂದು ಹೇಳುವ ಸ್ಟೇಬಲ್‌ಕಾಯಿನ್‌ಗಳು ಆ ಕೊರತೆಯನ್ನು ತುಂಬಲು ಬಂದವು. ಇವನ್ನು ಓದುವಾಗ ಪಾಮ್‌ಸ್ಟ್ರೂಕ್‌ನ ಬ್ಯಾಂಕಿಗೆ ಹಾಕಿದ ಪ್ರಶ್ನೆಯನ್ನೇ ಹಾಕಿ: ಮೀಸಲು ಏನಿದೆ, ಎಲ್ಲಿದೆ, ಎಲ್ಲರೂ ಒಟ್ಟಿಗೆ ಬಂದು ಕೇಳಿದರೆ ಸಾಲುತ್ತದೆಯೇ? ಇಂಥ ಮೀಸಲಿನ ಬದಲು ಲೂನಾ ಎಂಬ ತನ್ನದೇ ಜೋಡಿ ನಾಣ್ಯವನ್ನು ಹೊಸದಾಗಿ ಸೃಷ್ಟಿಸಿ ಕೊಡುವ ವಿನಿಮಯವನ್ನು ಮುಖ್ಯವಾಗಿ ನೆಚ್ಚಿಕೊಂಡಿದ್ದ ಟೆರಾಯುಎಸ್‌ಡಿ ಎಂಬ ಸ್ಟೇಬಲ್‌ಕಾಯಿನ್, 2022ರ ಮೇ ತಿಂಗಳಲ್ಲಿ ಕೆಲವೇ ದಿನಗಳಲ್ಲಿ ಕುಸಿಯಿತು. ಅದರ ವಹಿವಾಟೂ ಬ್ಲಾಕ್‌ಚೈನ್ ಎಂಬ, ಬ್ಲಾಕುಗಳನ್ನು ಪೋಣಿಸಿದ ಬಹಿರಂಗ ಲೆಕ್ಕದ ಪುಸ್ತಕದಲ್ಲೇ ದಾಖಲಾಗಿರುವುದರಿಂದ, ಲೂನಾದ ಸಂಖ್ಯೆ ಆ ವಾರ ದಿನದಿಂದ ದಿನಕ್ಕೆ ಹೇಗೆ ಬೆಳೆಯಿತೆಂದು ನೋಡಿ, ರೋಮ್‌ನ ನಾಣ್ಯಪಟ್ಟಿಯ ಪಕ್ಕದಲ್ಲಿಟ್ಟು ಹೋಲಿಸಬಹುದು.