ಫಲಕದಲ್ಲಿ ಬರೆಯದೆ ಬಿಟ್ಟ ಹೆಸರು

ಕೈಪಂಪು ಹಾಕಿಸಿ ಮೂರು ವರ್ಷವಾದ ಮೇಲೆ ಆ ಹಳ್ಳಿಗೆ ಮತ್ತೆ ಹೋದೆವು. ಪಂಪಿಗೆ ಹಿಡಿಯೇ ಇರಲಿಲ್ಲ. ಅದಿದ್ದ ಜಾಗದಲ್ಲಿ ತುಕ್ಕು ಹಿಡಿದ ಬೋಲ್ಟ್ ಒಂದು ಉಳಿದಿತ್ತು. ಖಾಲಿ ಪಾತ್ರೆ ಹಿಡಿದು ಬಂದ ಹೆಂಗಸೊಬ್ಬರು, 'ಕೆಟ್ಟರೆ ಯಾರನ್ನು ಕೇಳಬೇಕೆಂದು ನೀವು ಹೇಳಲೇ ಇಲ್ಲವಲ್ಲ' ಎಂದರು. ಪಕ್ಕದ ಫಲಕದಲ್ಲಿ ನಮ್ಮ ಸಂಸ್ಥೆಯ ಹೆಸರಿತ್ತು, ದುರಸ್ತಿ ಮಾಡಬೇಕಾದ ಕಚೇರಿಯ ಹೆಸರಿರಲಿಲ್ಲ. ಆ ತಪ್ಪು ನಮ್ಮದೇ.

ನೀರು ಮತ್ತು ನೈರ್ಮಲ್ಯ ಮಾನವ ಹಕ್ಕು ಎಂದು ವಿಶ್ವಸಂಸ್ಥೆಯ ಮಹಾಸಭೆ 2010ರ ಜುಲೈ 28ರಂದೇ ಒಪ್ಪಿಕೊಂಡಿತ್ತು. ನಮ್ಮ ಪ್ರಸ್ತಾವನೆಗಳ ಪೀಠಿಕೆಯಲ್ಲಿ ಆ ಮಾತು ತಪ್ಪದೆ ಇರುತ್ತಿತ್ತು, ಕೆಲಸದೊಳಗೆ ಮಾತ್ರ ಇಳಿದಿರಲಿಲ್ಲ. ಹಾಗಾಗಿ ಮೊದಲು ನಮೂನೆಗೆ ಕೈ ಹಾಕಿದೆ. 'ಫಲಾನುಭವಿಗಳ ಸಂಖ್ಯೆ' ಎಂಬ ಅಂಕಣ ತೆಗೆದು ಮೂರು ಪ್ರಶ್ನೆ ಸೇರಿಸಿದೆ: ಹಕ್ಕು ಯಾರದು, ಹೊಣೆ ಯಾರದು, ಹೊಣೆ ಹೊತ್ತವರಿಗೆ ಏನು ಅಡ್ಡಿ?

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಸ್ಥಳೀಯ ಅಧಿಕಾರಿಯೊಬ್ಬರು ಕಡತ ಬಿಚ್ಚಿ, ಹೊಸ ಪಂಪಿಗೆ ಹಣ ಬರುತ್ತದೆ, ಬಿಡಿಭಾಗಗಳಿಗೆ ಬರುವುದೇ ಇಲ್ಲ ಎಂದು ತೋರಿಸಿದರು. ಅವರನ್ನು ದೂರುವುದರಿಂದ ಏನೂ ಆಗುತ್ತಿರಲಿಲ್ಲ. ಮುಂದಿನ ಬಜೆಟ್‌ನಲ್ಲಿ ನಿರ್ವಹಣೆಗೆ ಹಣ ಕೇಳಲು ಹಳ್ಳಿಯವರ ಜೊತೆ ಅವರೂ ನಿಂತರು.

ನಮ್ಮ ತಂಡದ ಎಂಜಿನಿಯರ್ ಒಪ್ಪಲಿಲ್ಲ: 'ನಾವು ನೀರು ಕೊಡಲು ಬಂದವರು, ರಾಜಕೀಯ ಮಾಡಲು ಅಲ್ಲ.' ಆ ಅಂಜಿಕೆಯಲ್ಲಿ ಹುರುಳಿತ್ತು. ಸರ್ಕಾರ ಮುನಿದರೆ ನಾವು ಹೊರಟುಹೋಗಬಹುದು, ಪೆಟ್ಟು ತಿನ್ನುವವರು ಅಲ್ಲೇ ಬದುಕುವವರು. ಆದ್ದರಿಂದ ಘೋಷಣೆ ಬಿಟ್ಟು ಅಳತೆಯಿಂದ ಶುರು ಮಾಡಿದೆವು. ತಲೆಗೆ ದಿನಕ್ಕೆ 50ರಿಂದ 100 ಲೀಟರ್ ನೀರು, ಮೂಲ 1,000 ಮೀಟರ್ ಒಳಗೆ, ತಂದುಕೊಳ್ಳಲು 30 ನಿಮಿಷಕ್ಕಿಂತ ಹೆಚ್ಚಾಗಬಾರದು ಎಂಬುದು ವಿಶ್ವಸಂಸ್ಥೆ ಮುಂದಿಡುವ ಮಾನದಂಡ. ಅಧಿಕಾರಿ ಗಡಿಯಾರ ಹಿಡಿದು ಹೆಂಗಸರ ಜೊತೆ ನಡೆದರು. ಹೋಗಿಬರಲು 52 ನಿಮಿಷ ಹಿಡಿಯಿತು. ಊರುಗೋಲಿನ ಮೇಲೆ ನಡೆಯುವ ವೃದ್ಧರೊಬ್ಬರಿಗೆ ಅಲ್ಲಿಗೆ ತಲುಪಲೇ ಆಗಲಿಲ್ಲ. ನಮ್ಮ ಸರಾಸರಿ ಲೆಕ್ಕದಲ್ಲಿ ಅವರಿಗೂ ನೀರು ಸಿಗುತ್ತಿತ್ತು! ಅಂದಿನಿಂದ ಸರಾಸರಿಯೊಂದನ್ನೇ ನಂಬುವುದು ಬಿಟ್ಟೆ. ವಯಸ್ಸು, ಲಿಂಗ, ಅಂಗವೈಕಲ್ಯದ ಪ್ರಕಾರ ಬಿಡಿಸಿ ಬರೆಯುತ್ತೇವೆ.

ಹೊಣೆಗಾರಿಕೆ ಸರ್ಕಾರಕ್ಕಷ್ಟೇ ಅನ್ವಯಿಸಿದರೆ ಸಾಲದೆಂದು ನಮ್ಮ ಮೇಲೂ ದೂರು ಕೊಡುವ ವ್ಯವಸ್ಥೆ ಮಾಡಿದೆವು. ಮೊದಲ ದೂರೇ ನನ್ನ ಮೇಲೆ ಬಂತು: ಹೆಂಗಸರು ನೀರಿಗೆ ಹೋಗುವ ಹೊತ್ತಿನಲ್ಲೇ ಸಭೆ ಕರೆಯುತ್ತಾರೆ ಎಂದು. ಮುಂದಿನ ಸಭೆಯ ಸಮಯವನ್ನು ಅವರೇ ಗೊತ್ತು ಮಾಡಿದರು.