ಹಳೇ ಕಾರ್ನೆಟ್ ಇವತ್ತಿನ ಶ್ರುತಿಗೆ: ಕೊಳವೆ ಕೊಯ್ಯದೆ ಉದ್ದ ಮಾಡಿ

ನಮ್ಮ ದೊಡ್ಡಪ್ಪನ ಕಾರ್ನೆಟ್, ಅಂದರೆ ಟ್ರಂಪೆಟ್‌ನಂಥ ಚಿಕ್ಕ ಹಿತ್ತಾಳೆ ವಾದ್ಯ, ಇಪ್ಪತ್ತು ವರ್ಷ ಕೊಟ್ಟಿಗೆಯ ಅಟ್ಟದ ಮೇಲಿತ್ತು. ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ, ಮದುವೆ ಮೆರವಣಿಗೆಗಳಲ್ಲಿ ಅವರು ಊದುತ್ತಿದ್ದ ವಾದ್ಯ. ಅದರ ಅರಳಿದ ಬಾಯಿಯ ಮೇಲೆ ಲಂಡನ್ ಎಂದು ಕೆತ್ತಿದೆ. ಕೆಳಗಿಳಿಸಿ, ಒರೆಸಿ, ಪರಿಚಯದ ಬ್ಯಾಂಡ್‌ಸೆಟ್ ಹುಡುಗರ ಕೈಗೆ ಕೊಟ್ಟೆ. ಕೀಬೋರ್ಡ್ ಜೊತೆ ಊದಿ ನೋಡಿ ವಾಪಸು ತಂದರು. ‘ಶ್ರುತಿ ಕೂಡಲ್ಲ ಸರ, ವಯಸ್ಸಾಗೈತಿ. ತೂಕಕ್ಕೆ ಹಾಕಿಬಿಡ್ರಿ’ ಎಂದರು.

ವಯಸ್ಸಾದ ಮಾತ್ರಕ್ಕೆ ಹಿತ್ತಾಳೆಯ ಶ್ರುತಿ ಹೋಗುವುದಿಲ್ಲ. ಆ ವಾದ್ಯ ಹುಟ್ಟಿದ್ದೇ ಬೇರೆ ಶ್ರುತಿಗೆ. ಇವತ್ತು ಕೀಬೋರ್ಡಿನ ನಡುವಿನ ‘ಎ’ ಸ್ವರ 440 ಹರ್ಟ್ಸ್, ಅಂದರೆ ಸೆಕೆಂಡಿಗೆ 440 ಕಂಪನ. ಬ್ರಿಟನ್ನಿನ ಬ್ರಾಸ್ ಬ್ಯಾಂಡ್‌ಗಳು 1960ರ ದಶಕದ ನಡುಭಾಗದವರೆಗೂ ಸುಮಾರು 452 ಹರ್ಟ್ಸ್‌ನ ಏರುಶ್ರುತಿಯನ್ನೇ ಹಿಡಿದಿದ್ದವು. ಆ ಲೆಕ್ಕದಲ್ಲಿ ಮಾಡಿದ ಕಾರ್ನೆಟ್, ದಪ್ಪ ದನಿಯ ಯುಫೋನಿಯಂಗಳು ಇಂದಿನ ಶ್ರುತಿಗಿಂತ ಅರೆಸ್ವರದ ಹತ್ತಿರ ಹತ್ತಿರ ಅರ್ಧದಷ್ಟು ಮೇಲೆ ನಿಲ್ಲುತ್ತವೆ. ಇಂಥ ಎಷ್ಟೋ ವಾದ್ಯಗಳು ಅಪಸ್ವರವೆಂಬ ಹೆಸರು ಹೊತ್ತು ಗುಜರಿ ಸೇರಿವೆ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ. ನಿಮ್ಮ ಮನೆಯಲ್ಲೂ ಒಂದಿದ್ದರೆ, ತಕ್ಕಡಿಗೆ ಹಾಕುವ ಮುಂಚೆ ಇದನ್ನು ಓದಿ.

ಮೊದಲು ನೋಡಿ, ಪಾಲಿಶ್ ಆಮೇಲೆ

ಬಿಸಿಲಿನಲ್ಲಿ ಹಿಡಿದು ಕೊಳವೆಗಳನ್ನೆಲ್ಲ ನೋಡಿ. ತುಟಿಯಿಟ್ಟು ಊದುವ ಮೌತ್‌ಪೀಸ್ ಕೂರುವ ಕೊಳವೆಯ ಮೇಲೆ ಗುಲಾಬಿ ಬಣ್ಣದ ಚುಕ್ಕೆ, ನಡುವೆ ಕಪ್ಪು ಬೊಟ್ಟು ಕಂಡರೆ ಒಳಗಿನಿಂದ ಹಿತ್ತಾಳೆ ತಿಂದುಹೋಗುತ್ತಿದೆ ಎಂದರ್ಥ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಉಗುಳಿನ ತೇವಕ್ಕೆ ಸತು ಕರಗಿಹೋಗಿ ತಾಮ್ರ ಮಾತ್ರ ಜಾಳುಜಾಳಾಗಿ ಉಳಿಯುತ್ತದೆ. ಅಲ್ಲಿ ಎಷ್ಟು ತಿಕ್ಕಿದರೂ ಪ್ರಯೋಜನವಿಲ್ಲ, ಆ ಕೊಳವೆಯನ್ನೇ ಬದಲಿಸಬೇಕು.

ಕೂದಲೆಳೆಯಂಥ ಬಿರುಕುಗಳನ್ನೂ ಹುಡುಕಿ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲಿ ಸೇನೆಯ ಹಿತ್ತಾಳೆ ತೋಟಾಗಳನ್ನು ಮಳೆಗಾಲಕ್ಕೆ ಕುದುರೆ ಲಾಯದಲ್ಲಿ ಇಡುತ್ತಿದ್ದರು. ಮಳೆ ಮುಗಿದು ತೆಗೆದರೆ ತಾವಾಗಿಯೇ ಸೀಳಿರುತ್ತಿದ್ದವು. ಕುದುರೆ ಗಂಜಲದ ಅಮೋನಿಯಾವೇ ಕಾರಣ ಎಂದು 1921ರಲ್ಲಿ ಸ್ಪಷ್ಟವಾಯಿತು. ಬಡಿದು ಬಗ್ಗಿಸಿದ ಹಿತ್ತಾಳೆಯೊಳಗೆ ಬಿಗಿತ ಉಳಿದಿರುತ್ತದೆ, ಅಮೋನಿಯಾ ತಾಗಿದರೆ ಅದು ಬಿರುಕಾಗುತ್ತದೆ. ದನದ ಕೊಟ್ಟಿಗೆಯೂ ಅಷ್ಟೇ. ದೊಡ್ಡಪ್ಪನ ಕಾರ್ನೆಟ್‌ನ ಒಂದು ತಿರುವಿನಲ್ಲಿ ಅಂಥದೇ ಬಿರುಕು ಸಿಕ್ಕಿತು.

ಸಿಕ್ಕಿಕೊಂಡದ್ದನ್ನು ಬಿಡಿಸುವುದು

ಇಲ್ಲಿ ಬೇಕಾದದ್ದು ತಾಳ್ಮೆ. ಎಳೆದು ಉದ್ದ ಮಾಡುವ U ಆಕಾರದ ಕೊಳವೆಗಳೇ ಸ್ಲೈಡ್‌ಗಳು: ಶ್ರುತಿಗೆ ಒಂದು ದೊಡ್ಡದು, ಬೆರಳಿನಿಂದ ಒತ್ತುವ ಪಿಸ್ಟನ್ ಒಂದೊಂದಕ್ಕೂ ಒಂದು ಚಿಕ್ಕದು. ಅವುಗಳ ಕೀಲಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಎರಡು ದಿನ ಇಡಿ. ಆಮೇಲೆ ಸ್ಲೈಡ್‌ನ ಬಾಗಿನೊಳಗೆ ಹತ್ತಿಬಟ್ಟೆಯ ಪಟ್ಟಿ ತೂರಿಸಿ, ನೇರಕ್ಕೆ ಚಿಕ್ಕ ಚಿಕ್ಕ ಜಗ್ಗು ಕೊಡಿ. ಬರಲಿಲ್ಲವೆಂದರೆ ಮತ್ತೆ ಎಣ್ಣೆ, ಮತ್ತೆರಡು ದಿನ. ಸಿಕ್ಕಿಕೊಂಡ ಮೌತ್‌ಪೀಸ್‌ಗೆ ಮಾತ್ರ ಇಕ್ಕಳ ಹಾಕಿ ತಿರುಚಬೇಡಿ. ನಾನು ತಿರುಚಿದೆ. ಕೊಳವೆಯಲ್ಲಿ ಬಿದ್ದ ಸುಕ್ಕು ಇವತ್ತಿಗೂ ಇದೆ. ಸುತ್ತಲೂ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವುದು, ಅಥವಾ ಮೌತ್‌ಪೀಸ್ ಎಳೆಯುವ ಸಾಧನ ಇರುವವರ ಬಳಿ ಒಯ್ಯುವುದು ಸರಿಯಾದ ದಾರಿ.

ತೊಳೆಯಲು ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಉದ್ದನೆಯ ಬಗ್ಗುವ ಬ್ರಷ್ ಸಾಕು. ಪಿಸ್ಟನ್‌ಗಳ ಫೆಲ್ಟ್ (ಉಣ್ಣೆಯ ಮೆತ್ತೆ), ಕಾರ್ಕ್ ಮೊದಲೇ ತೆಗೆದಿಡಿ. ಒಳಗೆ ಹಸಿರು ಕಿಲುಬಿದ್ದರೆ ಲೀಟರ್ ನೀರಿಗೆ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ಗಲಬರಿಸಿ. ದೀಪ ಬೆಳಗುವ ಹುಣಸೆಹಣ್ಣಿನ ತಿರುಳು ಕೊಳವೆಯೊಳಗೆ ಹೋಗಬಾರದು. ಅಮೋನಿಯಾ ಇರುವ ಪಾಲಿಶ್ ಯಾಕೆ ಬೇಡವೆಂದು ತೋಟಾಗಳ ಕತೆಯೇ ಹೇಳಿದೆ.

ಪಿಸ್ಟನ್: ವಾದ್ಯದ ಜೀವ ಇಲ್ಲಿದೆ

ಮೂರು ಪಿಸ್ಟನ್‌ಗಳ ಮೇಲೂ 1, 2, 3 ಎಂದು ಸಾಮಾನ್ಯವಾಗಿ ಕೊರೆದಿರುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಬೇಡಿ. ಪಿಸ್ಟನ್‌ಗೂ ಅದರ ಗೂಡಿಗೂ ನಡುವಿನ ಸಂದು ತಲೆಗೂದಲಿಗಿಂತ ಸಣ್ಣದು. ಹಾಗಾಗಿ ಮರಳುಕಾಗದವನ್ನು ಹತ್ತಿರಕ್ಕೂ ತರಬೇಡಿ.

ಗಾಳಿ ಸೋರುತ್ತಿದೆಯೇ ಎಂದು ನೋಡಲು ಎಣ್ಣೆ ಹಾಕಿದ ಪಿಸ್ಟನ್ ಒತ್ತದೆ ಅದರ ಸ್ಲೈಡ್ ಸ್ವಲ್ಪ ಹೊರಗೆಳೆಯಿರಿ, ಆಮೇಲೆ ಪಿಸ್ಟನ್ ಒತ್ತಿ. ‘ಟಪ್’ ಎಂದರೆ ಸಮಾಧಾನ. ಸದ್ದೇ ಇಲ್ಲದಿದ್ದರೆ ಪಿಸ್ಟನ್ ಸವೆದಿದೆ. ಅಲ್ಪಸ್ವಲ್ಪ ಸವಕಳಿಯನ್ನು ದಪ್ಪ ವಾಲ್ವ್ ಎಣ್ಣೆ ಮುಚ್ಚುತ್ತದೆ. ಹೆಚ್ಚಾಗಿದ್ದರೆ ನಿಕಲ್ ಲೇಪ ಹಾಕಿಸಿ ಮತ್ತೆ ಗೂಡಿಗೆ ಹೊಂದುವಂತೆ ತೀಡಿಸಬೇಕು, ಅದು ಪಳಗಿದವರ ಕೆಲಸ.

ಪಿಸ್ಟನ್ ಒತ್ತಿದಾಗ ಅದರ ತೂತು ಕೊಳವೆಯ ತೂತಿಗೆ ಸರಿಯಾಗಿ ಎದುರು ಬರಬೇಕು. ಒಣಗಿ ಚಪ್ಪಟೆಯಾದ ಹಳೇ ಫೆಲ್ಟ್ ಇದ್ದರೆ ಪಿಸ್ಟನ್ ತುಸು ಕೆಳಗಿಳಿದು ದನಿ ಉಸಿರುಕಟ್ಟಿದಂತಾಗುತ್ತದೆ. ಎರಡನೇ ಸ್ಲೈಡ್ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ಕಾಣುತ್ತದೆ. ಹೊಸ ಫೆಲ್ಟ್ ಕತ್ತರಿಸಿ ಹಾಕಿ. ಇಷ್ಟರಿಂದಲೇ ನಮ್ಮ ಕಾರ್ನೆಟ್‌ನ ಕಂಠ ಅರ್ಧ ಬಿಚ್ಚಿಕೊಂಡಿತು.

ಬೆಸುಗೆ: ರೇಡಿಯೇಟರ್ ಅಂಗಡಿಯ ವಿದ್ಯೆ

ಹಿಂದೆ ಯಾರೋ ಒಬ್ಬರು ನಮ್ಮ ಕಾರ್ನೆಟ್‌ನ ಕೊಳವೆಗಳನ್ನು ಹಿಡಿದಿಡುವ ಒಂದು ಆನಿಕೆಗೆ ಗ್ಯಾಸ್ ವೆಲ್ಡಿಂಗ್ ಮಾಡಿದ್ದರು. ಸುತ್ತಲಿನ ಹಿತ್ತಾಳೆ ಕೆಂಪಾಗಿ ಕಾದು ಮೆತ್ತಗಾಗಿತ್ತು, ಪಕ್ಕದ ಬೆಸುಗೆಗಳೂ ಬಿಟ್ಟಿದ್ದವು. ವಾದ್ಯದ ಬಹುತೇಕ ಆನಿಕೆಗಳನ್ನು ಹಿಡಿದಿರುವುದು ಸುಮಾರು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುವ ಮೆದು ಬೆಸುಗೆ. ಲಾರಿಗಳ ಹಳೇ ಹಿತ್ತಾಳೆ ರೇಡಿಯೇಟರ್‌ಗಳದ್ದೂ ಅದೇ. ದಾವಣಗೆರೆಯ ಪಿ.ಬಿ. ರಸ್ತೆಯ ಕಡೆ ಹಳೇ ರೇಡಿಯೇಟರ್ ರಿಪೇರಿಯವರನ್ನು ಹುಡುಕಿಕೊಂಡು ಹೋದೆ. ಅಲ್ಲಿನ ಹಿರಿಯರು ವಾದ್ಯ ತಿರುಗಿಸಿ ನೋಡಿ, ‘ಇದಕ್ಕೆ ಬೆಂಕಿ ಬ್ಯಾಡ ಸರ, ಕಾವು ಸಾಕು’ ಎಂದರು. ಬಿರುಕಿನ ಮೇಲೆ ತೆಳು ಹಿತ್ತಾಳೆ ತೇಪೆ ಇಟ್ಟು ಕೂರಿಸಿಕೊಟ್ಟರು.

ಎರಡು ಮಾತು ನೆನಪಿಡಿ. ಬಾಯಿಯ ಹತ್ತಿರದ ಕೊಳವೆಗೆ ಸೀಸವಿಲ್ಲದ, ತವರ ಬೆಳ್ಳಿಯ ಬೆಸುಗೆಕಡ್ಡಿಯನ್ನೇ ಕೇಳಿ. ಬೆಸುಗೆ ಹಿಡಿಯಲೆಂದು ನವಸಾಗರ ಬಳಸಿದ್ದರೆ ಮುಗಿದ ಕೂಡಲೇ ತೊಳೆದುಬಿಡಿ, ಅದರಲ್ಲಿರುವುದೂ ಅಮೋನಿಯದ ಉಪ್ಪೇ.

ಶ್ರುತಿ ಇಳಿಸುವ ಲೆಕ್ಕ

ಇದಕ್ಕೂ ಮುಂಚೆ ಮೌತ್‌ಪೀಸ್ ತೀರ್ಮಾನವಾಗಲಿ. ಹಳೇ ಕಾರ್ನೆಟ್‌ಗಳಲ್ಲಿ ಮೌತ್‌ಪೀಸ್ ಕೂರುವ ಕೊಳವೆ ಸಣ್ಣದು, ಇಂದಿನ ಮೌತ್‌ಪೀಸ್ ಪೂರ್ತಿ ಒಳಗಿಳಿಯುವುದಿಲ್ಲ. ಕೊಳವೆಯನ್ನು ಕೊರೆದು ಅಗಲ ಮಾಡಿಸುವವರಿದ್ದಾರೆ, ನಾನು ಒಪ್ಪುವುದಿಲ್ಲ. ಮೈಸೂರು ಕಿರ್ಲೋಸ್ಕರ್‌ನ ಲೇಥ್‌ಗಳು ತಯಾರಾಗುತ್ತಿದ್ದ ಹರಿಹರ ಪಕ್ಕದಲ್ಲೇ ಇದೆ, ಲೇಥ್ ಕೆಲಸ ಬಲ್ಲವರಿಗೆ ಅಲ್ಲಿ ಬರವಿಲ್ಲ. ನಡುವೆ ಕೂರುವ ಒಂದು ಹಿತ್ತಾಳೆ ತೋಳು ತಿರುವಿಸಿಕೊಳ್ಳಿ. ಅದೂ ಕೊಳವೆಯ ಉದ್ದಕ್ಕೆ ಸೇರುವುದರಿಂದ ಅಳತೆ ಅದಾದ ಮೇಲೆ.

ಐದು ನಿಮಿಷ ಊದಿ ವಾದ್ಯ ಬೆಚ್ಚಗಾಗಲಿ. ಮೊಬೈಲಿನ ಟ್ಯೂನರ್ ತೆರೆದು, ಪಿಸ್ಟನ್ ಒತ್ತದೆ ನಡು ಸ್ಥಾಯಿಯ ಸ್ವರ ಊದಿ. ದೊಡ್ಡ ಸ್ಲೈಡ್ ಪೂರ್ತಿ ಒಳಗಿದ್ದಾಗ ಮುಳ್ಳು 50 ಸೆಂಟ್ಸ್‌ನ (ಅರೆಸ್ವರಕ್ಕೆ 100 ಸೆಂಟ್ಸ್) ಹತ್ತಿರ ಮೇಲೆ ನಿಂತರೆ ನಿಮ್ಮದು ಏರುಶ್ರುತಿಯ ವಾದ್ಯ. 452ರಿಂದ 440ಕ್ಕೆ ಇಳಿಯಲು ಕೊಳವೆ ನೂರಕ್ಕೆ ಸುಮಾರು 2.7ರಷ್ಟು ಉದ್ದವಾಗಬೇಕು. ಬಿ ಫ್ಲಾಟ್ ಕಾರ್ನೆಟ್‌ನ ಕೊಳವೆ ಅಂದಾಜು 140 ಸೆಂಟಿಮೀಟರ್, ಅಂದರೆ ಹತ್ತಿರ ಹತ್ತಿರ 4 ಸೆಂಟಿಮೀಟರ್ ಬೇಕು. ಸ್ಲೈಡ್‌ಗೆ ಎರಡು ಕಾಲು. ಗಾಳಿ ಎರಡರಲ್ಲೂ ಹಾಯುವುದರಿಂದ ಒಂದೊಂದು ಕಾಲಿಗೆ ಎರಡೇ ಸೆಂಟಿಮೀಟರ್ ಸಾಕು.

ಅಷ್ಟು ಎಳೆದರೂ ಸ್ಲೈಡ್ ಅಲ್ಲಾಡದೆ ನಿಂತರೆ ಬೇರೇನೂ ಬೇಡ. ಆದರೆ ನಮ್ಮದರ ಕಾಲು ಗಿಡ್ಡ, ಎಳೆದರೆ ಕಳಚಿ ಬರುತ್ತಿತ್ತು. ಜೊತೆಗೆ, ಎಳೆದ ಜಾಗದಲ್ಲಿ ಕೊಳವೆ ಒಳಗೆ ಅಗಲವಾಗಿ ದನಿ ತುಸು ಒರಟಾಗುತ್ತದೆ. ಅದಕ್ಕೇ ಅದೇ ಅಳತೆಯ ಒಳಕೊಳವೆ, ಹೊರಕೊಳವೆ ತುಂಡುಗಳನ್ನು ಬೆಸೆದು, ನಡುವೆ ಸಿಕ್ಕಿಸುವ ಎರಡು ಕೂಡುತುಂಡು ಮಾಡಿಸಿದೆ. ತಲಾ ಒಂದೂವರೆ ಸೆಂಟಿಮೀಟರ್. ಉಳಿದ ಅರ್ಧ ಸೆಂಟಿಮೀಟರನ್ನು ಎಳೆದು ಸರಿಮಾಡುತ್ತೇವೆ. ಏಪ್ರಿಲ್ ಮಧ್ಯಾಹ್ನದ ನಮ್ಮೂರ ಬಿಸಿಲಿಗೆ ಶ್ರುತಿ ಏರುತ್ತದೆ, ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್ ಇದ್ದದ್ದು 40 ಡಿಗ್ರಿಯಲ್ಲಿ 355 ಆಗುತ್ತದೆ. ಆ ಹೊತ್ತಿಗೆ ಇನ್ನಷ್ಟು ಎಳೆಯಲು ಜಾಗ ಬೇಕು.

ದೊಡ್ಡ ಸ್ಲೈಡ್ ಒಂದನ್ನೇ ಉದ್ದ ಮಾಡಿ ಬಿಟ್ಟರೆ ಪಿಸ್ಟನ್ ಒತ್ತಿದ ಸ್ವರಗಳು ಮೇಲೇ ಉಳಿಯುತ್ತವೆ. ಅವುಗಳ ಸ್ಲೈಡ್‌ಗಳನ್ನೂ ಎಳೆಯಿರಿ: ಎರಡನೆಯದು 1 ಮಿಲಿಮೀಟರ್, ಮೊದಲನೆಯದು ಎರಡೂವರೆ, ಮೂರನೆಯದು 4. ಒಂದು ಮತ್ತು ಮೂರು ಒಟ್ಟಿಗೆ ಒತ್ತುವ ಕೆಳಸ್ವರಗಳು ಸಾಮಾನ್ಯವಾಗಿ ಕಾರ್ನೆಟ್‌ಗಳಲ್ಲಿ ಏರುತ್ತವೆ. ಮೂರನೇ ಸ್ಲೈಡ್‌ಗೆ ಬೆರಳು ತೂರುವ ಉಂಗುರ ಬೆಸೆದುಕೊಂಡರೆ ಊದುತ್ತಲೇ ಎಳೆದು ಸರಿಮಾಡಬಹುದು. ಹಳೇ ವಾದ್ಯಕ್ಕೆ ನಾನು ಮನಸಾರೆ ಒಪ್ಪುವ ಹೊಸ ಸೇರ್ಪಡೆ ಇದೊಂದೇ.

ಹೊಳಪಿನ ವಿಷಯಕ್ಕೆ ಬಂದರೆ, ಪಾತ್ರೆ ಅಂಗಡಿಯ ಬಫಿಂಗ್ ಯಂತ್ರಕ್ಕೆ ಕೊಡಬೇಡಿ. ಅದು ಕೆತ್ತನೆಯನ್ನೂ ನಂಬರನ್ನೂ ತೆಳುವಾದ ಲೋಹವನ್ನೂ ಒಟ್ಟಿಗೆ ತೆಗೆಯುತ್ತದೆ. ಮೆತ್ತನೆ ಬಟ್ಟೆಯಲ್ಲಿ ಬೆವರು ಒರೆಸಿಟ್ಟರೆ ಸಾಕು.

ಈಗ ಆ ಹುಡುಗರಲ್ಲೊಬ್ಬ ಅದನ್ನೇ ಕೀಬೋರ್ಡ್ ಜೊತೆ ಊದುತ್ತಾನೆ. ಕೂಡುತುಂಡು ಎರಡನ್ನೂ ಕಳಚಿದರೆ ದೊಡ್ಡಪ್ಪ ಊದುತ್ತಿದ್ದ ಶ್ರುತಿ ಹಾಗೇ ಇದೆ. ಪೆಟ್ಟಿಗೆಯೊಳಗೆ ಒಂದು ಚೀಟಿ ಅಂಟಿಸಿದ್ದೇನೆ, ಯಾವ ತುಂಡು ಎಲ್ಲಿಗೆ, ಯಾವ ಸ್ಲೈಡ್ ಎಷ್ಟು ಮಿಲಿಮೀಟರ್ ಎಂದು ಬರೆದು. ಪೆಟ್ಟಿಗೆ ಈಗ ಕೊಟ್ಟಿಗೆಯಲ್ಲಿಲ್ಲ, ನಡುಮನೆಯ ಬೀರುವಿನ ಮೇಲಿದೆ.