ಜನ ಓಡಾಡುವ ಗುಡ್ಡದಲ್ಲಿ ಚಿಂಕಾರ ನೋಡುವುದು ಹೇಗೆ

ಬಾಗಲಕೋಟೆ ಜಿಲ್ಲೆಯ ಬೀಳಗಿ, ಮುಧೋಳ ಕಡೆಯ ಕುರುಚಲು ಗುಡ್ಡಗಳು 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಧಾಮವಾದವು. ಸುತ್ತ ಹೊಲ, ಹಳ್ಳಿ, ಕುರಿದೊಡ್ಡಿ. ಇಂಥ ಕಡೆ ಚಿಂಕಾರ ಎಂಬ ಸಣ್ಣ ಹುಲ್ಲೆ ಎಲ್ಲಿದೆ ಎಂದು ಹುಡುಕುವ ಮೊದಲು ಜನ ಎಲ್ಲೆಲ್ಲಿ ಹಾಯ್ದು ಹೋಗುತ್ತಾರೆ ಎಂದು ತಿಳಿಯಬೇಕು.

ಒಳಹೋಗಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಬೈಕಿನಲ್ಲಿ ಅಟ್ಟಿಸಿ ಫೋಟೊ ತೆಗೆಯುವವರಿಗೆ ಒಂದು ಮಾತು: 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಪ್ರಾಣಿಯನ್ನು ಅಟ್ಟುವುದೂ ಬೇಟೆಯೇ.

ಹಿಂದಿನ ದಿನ ಸಂಜೆ ಕುರಿ ಕಾಯುವವರನ್ನು ಮಾತಾಡಿಸಿ. "ಕಾಕಾ, ಚಿಗರಿ ಯಾವ ಕಡೆ ಹೋದುವ್ರೀ?" ಎಂದಷ್ಟೇ ಕೇಳಿದರೆ ಸಾಲದು, ಕೃಷ್ಣಮೃಗಕ್ಕೂ ಚಿಗರಿ ಎನ್ನುತ್ತಾರೆ. ಹೆಣ್ಣಿಗೂ ಕೋಡು ಇತ್ತೇ, ಬಾಲ ಕಪ್ಪಿತ್ತೇ ಎಂದು ಕೇಳಿ. ಎರಡಕ್ಕೂ ಹೌದೆಂದರೆ ಬಹುತೇಕ ಚಿಂಕಾರವೇ. ನಾಳೆ ಕುರಿ ಎಷ್ಟು ಹೊತ್ತಿಗೆ, ಯಾವ ದಿಕ್ಕಿಗೆ ಹೊರಡುತ್ತವೆ ಎಂಬುದನ್ನೂ ಕೇಳಿಟ್ಟುಕೊಳ್ಳಿ. ಅದೇ ಮುಖ್ಯ. ಹಿಂಡು, ಅದರ ಜೊತೆಗಿನ ನಾಯಿ ಬರುತ್ತಿದ್ದಂತೆ ಚಿಂಕಾರ ಎದುರಿನ ಇಳಿಜಾರಿಗೋ ಹಳ್ಳದ ಪೊದೆಗೋ ಸರಿಯುತ್ತದೆ. ಆ ದಾರಿ ಕಾಣುವ ಜಾಗದಲ್ಲಿ ನೀವು ಮೊದಲೇ ಕೂತಿರಬೇಕು.

ಹೊತ್ತು ಹುಟ್ಟುವ ಅರ್ಧ ತಾಸು ಮುಂಚೆ ಅಲ್ಲಿರಿ. ಒಂದು ಚಿಟಿಕೆ ಒಣ ಧೂಳು ಬಿಟ್ಟು ಗಾಳಿ ನೋಡಿ: ಅದು ಪ್ರಾಣಿಯ ಕಡೆಯಿಂದ ನಿಮ್ಮತ್ತ ಬೀಸಬೇಕು. ಬಿಸಿಲೇರಿದಂತೆ ಗಾಳಿ ಇಳಿಜಾರಿನಿಂದ ಮೇಲಕ್ಕೇರುತ್ತದೆ. ಬೆಳಗ್ಗೆ ಸರಿಯಿದ್ದ ಜಾಗ ಒಂಬತ್ತಕ್ಕೆ ಕೆಡುವುದು ಇದರಿಂದಲೇ. ಗುಡ್ಡದ ನೆತ್ತಿಯ ಮೇಲೆ ನಿಲ್ಲಬೇಡಿ, ಆಕಾಶಕ್ಕೆ ಎದುರಾಗಿ ನಿಮ್ಮ ಆಕಾರ ಎದ್ದು ಕಾಣುತ್ತದೆ. ನೆತ್ತಿಗಿಂತ ಕೆಳಗೆ ಬಂಡೆಗೆ ಬೆನ್ನು ಕೊಟ್ಟು ಕೂಡಿ. ಬಿಳಿ ಅಂಗಿ ಬೇಡ, ಮಣ್ಣಿನ ಬಣ್ಣ ಇರಲಿ.

8x42 ದುರ್ಬೀನು (ಎಂಟು ಪಟ್ಟು ಹಿಗ್ಗಿಸಿ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು) ಸಾಕು. ಮೊಣಕೈ ಮೊಣಕಾಲಿಗೆ ಊರಿ, ಇಳಿಜಾರನ್ನು ಅಡ್ಡಡ್ಡ ಪಟ್ಟಿಗಳಾಗಿ ನಿಧಾನ ನೋಡಿ. ಇಡೀ ಪ್ರಾಣಿಯನ್ನು ಹುಡುಕಿದರೆ ಸಿಗದು. ಭುಜದವರೆಗೆ 65 ಸೆಂ.ಮೀ.ನಷ್ಟೇ ಎತ್ತರದ, ಮಣ್ಣಿನದೇ ಬಣ್ಣದ ಜೀವ ಅದು. ಅಲ್ಲಾಡುವ ಕಪ್ಪು ಬಾಲ, ಕಿವಿ, ಬಾರಿ ಗಿಡದಡಿ ಬಗ್ಗಿದ ಬೆನ್ನು ಇವನ್ನು ಹುಡುಕಿ. ದೊಡ್ಡ ಹಿಂಡು ಕಟ್ಟುವುದಿಲ್ಲ. ಒಂಟಿಯಾಗಿ, ಇಲ್ಲವೇ ಎರಡು ಮೂರು ಕೂಡಿ ಇರುತ್ತದೆ. ಎಲೆ, ಇಬ್ಬನಿಯ ತೇವದಲ್ಲೇ ಬಹಳ ದಿನ ಕಳೆಯುವುದರಿಂದ ಬರೀ ಕೆರೆ ಕಾಯುವುದು ವ್ಯರ್ಥ. ಒಂದೇ ಕಡೆ ಹಳೆಯ, ಹೊಸ ಹಿಕ್ಕೆ ಗುಡ್ಡೆಬಿದ್ದಿದ್ದರೆ ಆ ಜಾಗಕ್ಕೆ ಮತ್ತೆ ಬರುತ್ತದೆ ಎಂದು ತಿಳಿಯಿರಿ.

ಹತ್ತರ ನಂತರ ಬಿಸಿಗಾಳಿ ಕುಣಿದು ದುರ್ಬೀನಿನಲ್ಲಿ ಏನೂ ಸ್ಪಷ್ಟವಿರದು. ಆಗ ಎದ್ದುಬಿಡಿ.

ಹತ್ತಿರ ಹೋಗಲು ನೋಡಬೇಡಿ. ಮುಂಗಾಲು ನೆಲಕ್ಕೆ ಬಡಿದರೆ, ಸೀನಿದಂತೆ ಸದ್ದು ಮಾಡಿದರೆ ಅದು ನಿಮ್ಮನ್ನು ಕಂಡಿದೆ. ಅಲ್ಲೇ ಕದಲದೆ ಕೂಡಿ. ಹುಲ್ಲಿನಲ್ಲಿ ಒಂಟಿ ಮರಿ ಕಂಡರೆ ತಬ್ಬಲಿ ಎಂದು ಎತ್ತಿಕೊಳ್ಳಬೇಡಿ. ತಾಯಿಯೇ ಅಡಗಿಸಿಟ್ಟು ಮೇಯಲು ಹೋಗಿರುತ್ತದೆ. ಬಂದ ದಾರಿಯಲ್ಲೇ ಹಿಂದೆ ಸರಿಯಿರಿ.